ಕಾರಿನ ತೂಕ ನೋಡಬೇಕೋ, ಗೂಡು ನೋಡಬೇಕೋ?

ಪ್ರಶ್ನೆ: ನಾವಿರುವುದು ವಿದ್ಯಾರಣ್ಯಪುರದಲ್ಲಿ. ಮನೆಯಲ್ಲಿ ನಾನು, ಹೆಂಡತಿ, ನಾಲ್ಕು ವರ್ಷದ ಮಗಳು, ಅಪ್ಪ, ಅಮ್ಮ. ಈಗಿರುವುದು 2012ರ ವ್ಯಾಗನ್ ಆರ್. ಏರ್‌ಬ್ಯಾಗ್ ಇಲ್ಲ, ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಇಲ್ಲ. ವಾರದ ದಿನಗಳಲ್ಲಿ ಔಟರ್ ರಿಂಗ್ ರೋಡ್ ಹಿಡಿದು ಆಫೀಸು, ತಿಂಗಳಿಗೊಮ್ಮೆ ನೆಲಮಂಗಲ, ಕುಣಿಗಲ್ ಮೇಲೆ ಹಾಸನ. ಭಾವಮೈದ ತನ್ನ 2014ರ ಏಳು ಸೀಟಿನ ಎಸ್‌ಯುವಿಯನ್ನು ನಾಲ್ಕೂವರೆ ಲಕ್ಷಕ್ಕೆ ಕೊಡುತ್ತೇನೆ ಎನ್ನುತ್ತಾನೆ. ‘ಎರಡು ಟನ್ ಗಾಡಿ, ಗಟ್ಟಿ ತಗಡು, ಮುಂದೆ ಬುಲ್ ಬಾರ್ ಬೇರೆ ಇದೆ, ಒಳಗೆ ಕೂತವರಿಗೆ ಏನೂ ಆಗಲ್ಲ’ ಎಂಬುದು ಅವನ ಮಾತು. ಸಾಲ ಮಾಡಿ ಹೊಸ ಸಣ್ಣ ಕಾರು ಕೊಳ್ಳೋಣ ಎಂದರೆ ಆಫೀಸಿನವರು ‘ಅದು ಬರೀ ಡಬ್ಬ’ ಎನ್ನುತ್ತಾರೆ. 2024ರ ಡಿಸೆಂಬರಿನಲ್ಲಿ ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಕಾರಿನ ಮೇಲೆ ಉರುಳಿ ಒಂದೇ ಮನೆಯ ಆರು ಜನ ಹೋದರಲ್ಲ, ಅದು ದೊಡ್ಡ ಕಾರೇ. ಆವತ್ತಿನಿಂದ ಆ ದಾರಿಯಲ್ಲಿ ಹೋಗುವಾಗ ಕೈ ಬೆವರುತ್ತದೆ. ಹೆಂಡತಿ ದಿನಾ ಸ್ಕೂಟರಿನಲ್ಲಿ ಓಡಾಡುವವಳು. ಅವಳು ಕೇಳುವುದೇ ಬೇರೆ: ‘ನಾವೇನೋ ದೊಡ್ಡ ಗಾಡಿಯಲ್ಲಿ ಉಳಿದುಕೊಂಡೆವು, ಎದುರಿಗೆ ಬಂದವರ ಗತಿ?’ ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ನಿಮ್ಮದು, ಒಂದು ನಿಮ್ಮ ಹೆಂಡತಿಯದು. ಎರಡಕ್ಕೂ ಉತ್ತರ ಸಿಗದೆ ಕಾರು ಕೊಳ್ಳಬೇಡಿ. ಬೆಂಗಳೂರಿನಲ್ಲಿ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ, ಏಕೆಂದರೆ ಬೆಳಿಗ್ಗೆ ಕಾರಿನೊಳಗೆ ಕೂತವರೇ ಸಂಜೆ ಸ್ಕೂಟರಿನ ಮೇಲಿರುತ್ತಾರೆ, ಇಲ್ಲವೇ ಹಾಲು ತರಲು ನಡೆದು ಹೋಗುತ್ತಿರುತ್ತಾರೆ.

ಭಾವಮೈದ ಹೇಳುವುದು ಪೂರ್ತಿ ಸುಳ್ಳಲ್ಲ. ಅಲ್ಲಿಂದಲೇ ಶುರು ಮಾಡೋಣ. 900 ಕೆ.ಜಿ.ಯ ಕಾರು, 1,800 ಕೆ.ಜಿ.ಯ ಎಸ್‌ಯುವಿ, ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿ ಎದುರಾಬದುರು ಗುದ್ದಿದವು ಎಂದಿಟ್ಟುಕೊಳ್ಳಿ. ಎರಡೂ ಒಂದಕ್ಕೊಂದು ಸಿಕ್ಕಿಕೊಂಡು, ಭಾರದ ಗಾಡಿ ಹೋಗುತ್ತಿದ್ದ ಕಡೆಗೇ ಸುಮಾರು 17 ಕಿ.ಮೀ. ವೇಗದಲ್ಲಿ ಜಾರುತ್ತವೆ. ಎಸ್‌ಯುವಿಯ ವೇಗ 50ರಿಂದ 17ಕ್ಕೆ ಇಳಿಯಿತು, ಬದಲಾವಣೆ 33. ಸಣ್ಣ ಕಾರು 50ರಿಂದ ಸೊನ್ನೆಗೆ ಬಂದದ್ದಲ್ಲದೆ 17ರ ವೇಗದಲ್ಲಿ ಹಿಂದಕ್ಕೂ ತಳ್ಳಿಸಿಕೊಂಡಿತು, ಬದಲಾವಣೆ 67. ಒಳಗೆ ಕೂತವರ ಎದೆಗೆ, ಕುತ್ತಿಗೆಗೆ ಬೀಳುವ ಪೆಟ್ಟು ಈ ಬದಲಾವಣೆಯ ಪೆಟ್ಟು, ಅದೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ. ಹಾಗಾಗಿ ತೂಕ ಕಾಪಾಡುತ್ತದೆ, ನಿಜ. ಆದರೆ ಹೇಗೆ ಕಾಪಾಡಿತು ನೋಡಿ: ಒಟ್ಟು ಪೆಟ್ಟು 100ಕ್ಕೆ 100 ಹಾಗೇ ಇದೆ. ಇವರಿಗೆ ಉಳಿದದ್ದು ಅವರ ಲೆಕ್ಕಕ್ಕೆ ಜಮಾ ಆಯಿತು.

ಇದೇ ಲೆಕ್ಕವನ್ನು ನಿಮ್ಮ ತುಮಕೂರು ರಸ್ತೆಗೆ ಹಾಕಿ. ಎದುರಿಗಿರುವುದು 25 ಟನ್ನಿನ ಲಾರಿ. ಎರಡೂ 50ರ ವೇಗದಲ್ಲಿ ಎದುರಾಬದುರು ಬಂದರೆ 900 ಕೆ.ಜಿ.ಯ ಕಾರಿಗೆ ಆಗುವ ವೇಗದ ಬದಲಾವಣೆ ಸುಮಾರು 97 ಕಿ.ಮೀ. ಎರಡು ಟನ್ನಿನ ಎಸ್‌ಯುವಿಗೆ? 93. ಇಷ್ಟೇ ವ್ಯತ್ಯಾಸ. ನಿಮಗೆ ಭಯ ಇರುವುದು ಲಾರಿಯದು, ಆದರೆ ಎಸ್‌ಯುವಿಯ ಹೆಚ್ಚುವರಿ ತೂಕ ಲಾರಿಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಅದು ಕೆಲಸ ಮಾಡುವುದು ನಿಮಗಿಂತ ಸಣ್ಣವರ ಮುಂದೆ ಮಾತ್ರ.

ನೆಲಮಂಗಲದ ಅಪಘಾತದಿಂದ ‘ದೊಡ್ಡ ಕಾರೂ ಪ್ರಯೋಜನವಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು ಕೂಡ ತಪ್ಪು. ಮೇಲಿನಿಂದ ಬೀಳುವ ಹತ್ತಾರು ಟನ್ ಭಾರವನ್ನು ತಡೆಯಲಿ ಎಂದು ಯಾವ ಕಾರಿನ ಛಾವಣಿಯನ್ನೂ ಕಟ್ಟುವುದಿಲ್ಲ. ಕಾರಿನ ಗುಣಮಟ್ಟದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ, ಉಳಿಯುವುದು ನಾವು ಲಾರಿಯಿಂದ ಎಷ್ಟು ದೂರ ಇರುತ್ತೇವೆ ಎಂಬ ಪ್ರಶ್ನೆ. ಕಂಟೇನರ್ ಲಾರಿಯ ಭಾರವೆಲ್ಲ ಎತ್ತರದಲ್ಲಿರುತ್ತದೆ. ಮುಂದೆ ಯಾರೋ ಅಡ್ಡ ಬಂದರೆಂದು ಡ್ರೈವರ್ ಸ್ಟೀರಿಂಗನ್ನು ಗಕ್ಕನೆ ಒಂದು ಕಡೆ ಎಳೆದು ಮತ್ತೆ ಸರಿಮಾಡಲು ಹೋದರೆ ಸಾಕು, ಅದು ಮಗುಚಬಹುದು. ಆದ್ದರಿಂದ ಅದರ ಪಕ್ಕದಲ್ಲಿ, ಸಮಸಮಕ್ಕೆ ಓಡಿಸುತ್ತಾ ಇರಬೇಡಿ. ಹಿಂದೆ ಇದ್ದರೆ ಮೂರು ಸೆಕೆಂಡಿನ ಅಂತರ ಬಿಡಿ: ಅದು ಒಂದು ಕಂಬವನ್ನು ದಾಟಿದ ಕ್ಷಣದಿಂದ ಎಣಿಸಿದರೆ ನೀವು ಆ ಕಂಬ ತಲುಪಲು ಮೂರು ಸೆಕೆಂಡು ಆಗಬೇಕು. ದಾಟುವುದಾದರೆ ಮುಂದೆ ಪೂರ್ತಿ ಖಾಲಿ ಇರುವಾಗ, ತಡಮಾಡದೆ ದಾಟಿ. ತಿರುವಿನಲ್ಲಿ, ಫ್ಲೈಓವರ್ ಇಳಿಜಾರಿನಲ್ಲಿ ಬೇಡವೇ ಬೇಡ.

ಇನ್ನು ‘ಗಟ್ಟಿ ತಗಡು’ ಎಂಬ ಮಾತು. ಬೆಂಗಳೂರಿನಲ್ಲಿ ಕಾರು ನೋಡಲು ಹೋದವರೆಲ್ಲ ಬಾನೆಟ್ಟನ್ನು ಒತ್ತಿ ನೋಡುತ್ತಾರೆ, ಬಾಗಿಲನ್ನು ದಬ್ ಎಂದು ಹಾಕಿ ಸದ್ದು ಕೇಳುತ್ತಾರೆ. ಅಪಘಾತದಲ್ಲಿ ಆ ಹೊರ ತಗಡಿಗೆ ಕೆಲಸವೇ ಇಲ್ಲ. ಅದರ ಹಿಂದೆ ಕಾರಿನಲ್ಲಿ ಎರಡು ಭಾಗಗಳಿರುತ್ತವೆ. ಮುಂದೆ ಮತ್ತು ಹಿಂದೆ ಮುದುಡಬೇಕಾದ ಭಾಗ, ನಡುವೆ ಮುದುಡಬಾರದ ಗೂಡು. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಗೋಡೆಗೆ ಗುದ್ದಿ, ಮೂತಿ 60 ಸೆಂಟಿಮೀಟರ್ ಮುದುಡಿ ನಿಂತರೆ, 60 ಕೆ.ಜಿ. ತೂಕದ ಮನುಷ್ಯನ ಮೇಲೆ ಸರಾಸರಿ ಒಂದು ಟನ್ನಿನಷ್ಟು ಒತ್ತಡ ಬೀಳುತ್ತದೆ. ಸೀಟ್ ಬೆಲ್ಟ್ ಅದನ್ನು ಭುಜ, ಎದೆ, ಸೊಂಟದ ಮೂಳೆಗೆ ಹಂಚುತ್ತದೆ, ಏರ್‌ಬ್ಯಾಗ್ ತಲೆಯನ್ನು ಹಿಡಿಯುತ್ತದೆ. ಬದುಕಬಹುದು. ಅದೇ ಮೂತಿ ‘ಗಟ್ಟಿ’ಯಾಗಿದ್ದು 20 ಸೆಂಟಿಮೀಟರಿಗೇ ನಿಂತರೆ ಒತ್ತಡ ಮೂರು ಟನ್. ಗಾಡಿ ನೋಡಲು ಚೆನ್ನಾಗಿರುತ್ತದೆ, ಒಳಗಿನವರ ಪಕ್ಕೆಲುಬು ಮುರಿದಿರುತ್ತದೆ. ಅಪಘಾತವಾದ ಕಾರಿನ ಫೋಟೋ ಬಂದಾಗ ಮೂತಿ ಎಷ್ಟು ಪುಡಿಯಾಗಿದೆ ಎಂದು ನೋಡಬೇಡಿ. ಮುಂದಿನ ಗಾಜಿನ ಅಕ್ಕಪಕ್ಕದ ಕಂಬಗಳು ನೆಟ್ಟಗಿವೆಯೇ, ಮುಂಬಾಗಿಲು ಕೈಯಲ್ಲೇ ತೆಗೆಯಲು ಬರುತ್ತಿದೆಯೇ, ಪೆಡಲ್‌ಗಳು ಡ್ರೈವರನ ಕಾಲಿನ ಮೇಲೆ ನುಗ್ಗಿವೆಯೇ ಎಂದು ನೋಡಿ. ಗೂಡು ಉಳಿಯಿತೋ ಇಲ್ಲವೋ ಎಂಬುದು ಅಲ್ಲಿ ತಿಳಿಯುತ್ತದೆ.

ಬುಲ್ ಬಾರ್ ಬಗ್ಗೆ ಹೇಳಿಯೇ ಮುಂದೆ ಹೋಗಬೇಕು. ಆ ಕಬ್ಬಿಣದ ಕಂಬಿಯನ್ನು ನೇರವಾಗಿ ಚಾಸಿಗೆ ಬೋಲ್ಟ್ ಮಾಡಿರುತ್ತಾರೆ. ಮುದುಡಬೇಕಾದ ಭಾಗವನ್ನು ಅದು ದಾಟಿ ಹೋಗುತ್ತದೆ, ಪೆಟ್ಟು ಸೀದಾ ಗೂಡಿಗೆ ಬರುತ್ತದೆ. ಏರ್‌ಬ್ಯಾಗಿನ ಸೆನ್ಸರ್ ಅಳೆಯುವ ಪೆಟ್ಟಿನ ರೀತಿಯೇ ಬದಲಾಗಿ ಏರ್‌ಬ್ಯಾಗ್ ತಡವಾಗಿ ಬಿಚ್ಚಿಕೊಳ್ಳಬಹುದು, ಬಿಚ್ಚಿಕೊಳ್ಳದೆಯೂ ಇರಬಹುದು. ಎದುರಿಗೆ ಸಿಕ್ಕ ಸ್ಕೂಟರಿನವರ ತೊಡೆಗೆ, ಮಗುವಿನ ತಲೆಗೆ ಅದು ಬರೀ ಕಬ್ಬಿಣ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದನ್ನು ತೆಗೆಸುವಂತೆ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ಅನುಮತಿ ಇಲ್ಲದ ಮಾರ್ಪಾಡು. ಯಾವ ಗಾಡಿ ಕೊಂಡರೂ ಅದನ್ನು ಬಿಚ್ಚಿಸಿ.

ಗಾತ್ರವೇ ಸುರಕ್ಷತೆ ಎಂಬ ನಂಬಿಕೆಗೆ ನಮ್ಮ ರಸ್ತೆಯ ಗಾಡಿಗಳೇ ಉತ್ತರ ಕೊಟ್ಟಿವೆ. 2016ರಲ್ಲಿ, ಕಾರುಗಳನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಐದರವರೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊವನ್ನು ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಸೊನ್ನೆ ಸ್ಟಾರ್ ಬಂತು. ಅದೇ ಸಲ ಕ್ವಿಡ್, ಇಯಾನ್‌ನಂಥ ಪುಟ್ಟ ಕಾರುಗಳಿಗೂ ಸೊನ್ನೆ. 2022ರಲ್ಲಿ ಹೊಸದಾಗಿ ಕಟ್ಟಿದ ಸ್ಕಾರ್ಪಿಯೊ-ಎನ್ ಐದು ಸ್ಟಾರ್ ಪಡೆಯಿತು. ಹೆಸರು ಅದೇ, ಈಗಲೂ ದೊಡ್ಡ ಗಾಡಿಯೇ, ಬದಲಾದದ್ದು ಒಳಗಿನ ಕಟ್ಟಡ. 2018ರಲ್ಲಿ ನೆಕ್ಸಾನ್, 2020ರಲ್ಲಿ ಆಲ್ಟ್ರೋಜ್, 2021ರಲ್ಲಿ ಪಂಚ್ ಐದು ಸ್ಟಾರ್ ತೆಗೆದುಕೊಂಡವು. 2024ರಲ್ಲಿ ಹೊಸ ಡಿಜೈರ್ ಐದು ಸ್ಟಾರ್ ಪಡೆಯಿತು, ಅದರ ಪೆಟ್ರೋಲ್ ಮಾಡೆಲ್ ಒಂದು ಟನ್ನೂ ತೂಗುವುದಿಲ್ಲ. ಅದೇ ವರ್ಷ ಏಳು ಸೀಟಿನ ಬೊಲೆರೊ ನಿಯೊಗೆ ಸಿಕ್ಕಿದ್ದು ಒಂದು ಸ್ಟಾರ್. ‘ಡಬ್ಬ’ ಯಾವುದು ಎಂದು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ.

ಸ್ಟಾರ್ ಓದುವುದನ್ನೂ ಕಲಿಯಬೇಕು, ಏಕೆಂದರೆ ಶೋರೂಮಿನಲ್ಲಿ ಅದರ ಅರ್ಧ ಕತೆ ಮಾತ್ರ ಹೇಳುತ್ತಾರೆ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ಕಾರಿನ ಮೂತಿಯ 40 ಶೇಕಡ ಭಾಗವನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ, ಮುದುಡುವಂಥ ತಡೆಗೆ ಗುದ್ದಿಸುತ್ತಾರೆ. ಪಕ್ಕದಿಂದ 50ರ ವೇಗದಲ್ಲಿ ಇನ್ನೊಂದು ಪರೀಕ್ಷೆ, ಕಂಬಕ್ಕೆ ಅಡ್ಡಲಾಗಿ 29ರಲ್ಲಿ ಮತ್ತೊಂದು. ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49. ಈ ಮುಂಭಾಗದ ಪರೀಕ್ಷೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಗುದ್ದಿದ ಹಾಗೆ. ಆದ್ದರಿಂದ 900 ಕೆ.ಜಿ. ಕಾರಿನ ಐದು ಸ್ಟಾರೂ 1,900 ಕೆ.ಜಿ. ಗಾಡಿಯ ಐದು ಸ್ಟಾರೂ ಒಂದೇ ಅಲ್ಲ. ಅವೆರಡೂ ಪರಸ್ಪರ ಗುದ್ದಿದರೆ ಮೇಲಿನ 33-67ರ ಲೆಕ್ಕ ಮತ್ತೆ ಬರುತ್ತದೆ. ಇದನ್ನು ಮುಚ್ಚಿಟ್ಟು ಸಣ್ಣ ಕಾರಿನ ಪರ ವಾದ ಮಾಡುವುದು ಸರಿಯಲ್ಲ. ಇನ್ನೊಂದು, 2022ರ ಜುಲೈಗೆ ಮೊದಲು ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆ ಈಗಿನಷ್ಟು ಕಠಿಣವಾಗಿರಲಿಲ್ಲ. ಸ್ಟಾರಿನ ಜೊತೆಗೆ ವರ್ಷ ಕೇಳಿ, ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ ಎಷ್ಟು ಏರ್‌ಬ್ಯಾಗ್ ಇತ್ತು ಕೇಳಿ, ನೀವು ಕೊಳ್ಳುವ ವೇರಿಯಂಟಿನಲ್ಲಿ ಅಷ್ಟೇ ಇವೆಯೇ ನೋಡಿ. ಮಕ್ಕಳ ಅಂಕವನ್ನು ಬೇರೆಯಾಗಿ ಕೇಳಿ. ನಿಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ.

ಹಾಗಾದರೆ ತೂಕ ಎಷ್ಟಿರಬೇಕು? ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಅಲ್ಲಿನ ಅಪಘಾತಗಳನ್ನು ನೋಡಿ 2025ರಲ್ಲಿ ಹೇಳಿದ್ದು ಇಲ್ಲಿಗೂ ಉಪಯೋಗದ ಮಾತು. ಸರಾಸರಿಗಿಂತ ಹಗುರವಾದ ಕಾರಿಗೆ ಸ್ವಲ್ಪ ತೂಕ ಸೇರಿದರೆ ಒಳಗಿನವರಿಗೆ ಒಳ್ಳೆಯ ಲಾಭವಿದೆ. ಸರಾಸರಿ ದಾಟಿದ ಮೇಲೆ ಸೇರುವ ತೂಕದಿಂದ ಒಳಗಿನವರಿಗೆ ಸಿಗುವುದು ಅಷ್ಟಕ್ಕಷ್ಟೆ, ಹೊರಗಿನವರಿಗೆ ಅಪಾಯ ಮಾತ್ರ ಏರುತ್ತಾ ಹೋಗುತ್ತದೆ. ಅಂದರೆ ತೀರಾ ಹಗುರದ ಕಾರು ಬೇಡ, ತೀರಾ ಭಾರದ್ದೂ ಬೇಕಿಲ್ಲ.

ಈಗ ನಿಮ್ಮ ಹೆಂಡತಿಯ ಪ್ರಶ್ನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 44.5 ಶೇಕಡ ದ್ವಿಚಕ್ರ ವಾಹನದವರು, 19.5 ಶೇಕಡ ನಡೆದು ಹೋಗುತ್ತಿದ್ದವರು. ಮೂವರಲ್ಲಿ ಸುಮಾರು ಇಬ್ಬರ ಸುತ್ತ ಯಾವ ತಗಡೂ ಇರಲಿಲ್ಲ. ನಡೆಯುವವರ ಪಾಲಿಗೆ 900 ಕೆ.ಜಿ. ಕಾರೂ ಒಂದೇ, 1,800 ಕೆ.ಜಿ. ಗಾಡಿಯೂ ಒಂದೇ, ಎರಡೂ ಬಂಡೆ. ಅಲ್ಲಿ ತೂಕಕ್ಕಿಂತ ಎರಡು ಬೇರೆ ಸಂಗತಿಗಳು ಜೀವ ಉಳಿಸುತ್ತವೆ ಅಥವಾ ತೆಗೆಯುತ್ತವೆ: ಮೂತಿಯ ಎತ್ತರ ಮತ್ತು ವೇಗ.

ತಗ್ಗಿನ, ಇಳಿಜಾರಿನ ಬಾನೆಟ್ ಇರುವ ಕಾರು ದೊಡ್ಡವರ ಮೊಣಕಾಲಿನ ಆಸುಪಾಸಿನಲ್ಲಿ ಹೊಡೆಯುತ್ತದೆ, ಅವರು ಬಾನೆಟ್ಟಿನ ಮೇಲೆ ಬೀಳುತ್ತಾರೆ. ಕಾಲು ಮುರಿಯುತ್ತದೆ, ತಲೆಗೂ ಪೆಟ್ಟಾಗಬಹುದು, ಆದರೂ ಬದುಕುವ ಸಾಧ್ಯತೆ ಇರುತ್ತದೆ. ಎತ್ತರದ, ಗೋಡೆಯಂಥ ಮೂತಿ ಸೊಂಟಕ್ಕೆ, ಎದೆಗೆ ಹೊಡೆಯುತ್ತದೆ, ಮಗುವಾದರೆ ತಲೆಗೇ. ಬಿದ್ದವರು ಗಾಡಿಯ ಮೇಲೆ ಬೀಳುವುದಿಲ್ಲ, ಮುಂದಕ್ಕೆ ನೆಲಕ್ಕೆ ಬೀಳುತ್ತಾರೆ, ಚಕ್ರ ಅವರ ಕಡೆಗೇ ಬರುತ್ತಿರುತ್ತದೆ. ಅದೇ ಅಮೆರಿಕದ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಂತೆ, ಬಾನೆಟ್ಟಿನ ಅಂಚು ಸುಮಾರು ಒಂದು ಮೀಟರಿಗಿಂತ ಎತ್ತರವಿರುವ ಗಾಡಿ ಗುದ್ದಿದಾಗ, 76 ಸೆಂಟಿಮೀಟರಿಗಿಂತ ತಗ್ಗಿನ ಇಳಿಜಾರು ಮೂತಿಯ ಕಾರಿಗೆ ಹೋಲಿಸಿದರೆ, ಪಾದಚಾರಿ ಸಾಯುವ ಸಾಧ್ಯತೆ ಸುಮಾರು 45 ಶೇಕಡ ಹೆಚ್ಚು.

ಎತ್ತರದ ಮೂತಿಗೆ ಇನ್ನೊಂದು ದೋಷವಿದೆ, ಅದರ ಮುಂದೆ ಏನಿದೆ ಎಂದು ಒಳಗಿನವರಿಗೆ ಕಾಣುವುದಿಲ್ಲ. ಇದನ್ನು ಮನೆಯಲ್ಲೇ ಅಳೆಯಬಹುದು. ಒಂದು ಪ್ಲಾಸ್ಟಿಕ್ ಸ್ಟೂಲು ತೆಗೆದುಕೊಳ್ಳಿ, ಅದರ ಮೇಲೆ 20 ಲೀಟರಿನ ಖಾಲಿ ನೀರಿನ ಕ್ಯಾನ್ ಇಡಿ. ಎರಡೂ ಸೇರಿ 95 ಸೆಂಟಿಮೀಟರ್ ಆಸುಪಾಸು ಬರುತ್ತದೆ, ಹೆಚ್ಚುಕಡಿಮೆ ಮೂರು ವರ್ಷದ ಮಗುವಿನ ಎತ್ತರ. ಬಂಪರಿಗೆ ತಾಗಿಸಿ ಇಡಿ. ಡ್ರೈವರ್ ಸೀಟಿನಲ್ಲಿ ಯಾರು ಹೆಚ್ಚು ಓಡಿಸುತ್ತಾರೋ ಅವರೇ, ತಮ್ಮ ಮಾಮೂಲಿ ಭಂಗಿಯಲ್ಲಿ ಕೂರಲಿ. ಇನ್ನೊಬ್ಬರು ಸ್ಟೂಲನ್ನು ಒಂದೊಂದೇ ಅಡಿ ಹಿಂದಕ್ಕೆ ಸರಿಸುತ್ತಾ ಹೋಗಲಿ. ಕ್ಯಾನಿನ ಬಾಯಿ ಕಂಡ ಕೂಡಲೇ ನಿಲ್ಲಿಸಿ, ಬಂಪರಿನಿಂದ ಅಲ್ಲಿಗೆ ಟೇಪು ಹಿಡಿಯಿರಿ. ಆಮೇಲೆ ಕ್ಯಾನನ್ನು ಎಡ ಮೂಲೆಯ ಮುಂದಿಟ್ಟು ಮತ್ತೊಮ್ಮೆ ಅಳೆಯಿರಿ, ಅಲ್ಲಿ ದೂರ ಇನ್ನೂ ಜಾಸ್ತಿ ಬರುತ್ತದೆ. ಭಾವಮೈದನ ಗಾಡಿ, ನಿಮ್ಮ ವ್ಯಾಗನ್ ಆರ್, ಟೆಸ್ಟ್ ಡ್ರೈವಿಗೆ ಬಂದ ಹೊಸ ಕಾರು, ಮೂರಕ್ಕೂ ಮಾಡಿ. 30×40 ಸೈಟಿನ ಮನೆಗಳ ಸಾಲಿನಲ್ಲಿ, ಗೇಟು ತೆಗೆದರೆ ರಸ್ತೆಯೇ ಇರುವ ಕಡೆ, ಎದುರು ಮನೆಯ ಮಗು ಚೆಂಡು ಹೆಕ್ಕಲು ಬಗ್ಗುವ ಜಾಗ ಅದು. ಹಿಂಬದಿಗೂ ಇದೇ ಪರೀಕ್ಷೆ ಮಾಡಿ, ಕ್ಯಾಮೆರಾ ಇದ್ದರೂ.

ವೇಗದ ಲೆಕ್ಕ ಇದಕ್ಕಿಂತ ದೊಡ್ಡದು. ಗಂಟೆಗೆ 40ರಲ್ಲಿ ಹೋಗುತ್ತಿರುವವರಿಗೆ ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದರೆ, ಅಷ್ಟರಲ್ಲಿ ಕಾರು 17 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಟೈರ್ ಇದ್ದರೆ ಇನ್ನು 9 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು 26. ಅದೇ 60ರಲ್ಲಿದ್ದರೆ ಬರೀ ಕಾಲು ಎತ್ತುವ ಹೊತ್ತಿಗೇ 25 ಮೀಟರ್ ಕಳೆದಿರುತ್ತದೆ, ಒಟ್ಟು 45. ಇದರ ಅರ್ಥ ಏನೆಂದರೆ, 40ರ ಕಾರು ನಿಂತುಬಿಟ್ಟ ಜಾಗದಲ್ಲಿ 60ರ ಕಾರು ಇನ್ನೂ 60ರಲ್ಲೇ ಇರುತ್ತದೆ, ಬ್ರೇಕ್ ಆಗಷ್ಟೇ ಹಿಡಿಯಲು ಶುರುವಾಗಿರುತ್ತದೆ. ಮಳೆ ಬಿದ್ದ ಹೆಬ್ಬಾಳ ಫ್ಲೈಓವರಿನ ಮೇಲೆ ಈ ಅಂತರ ಇನ್ನೂ ಹಿಗ್ಗುತ್ತದೆ. ಎತ್ತರದ ಗಾಡಿಯಲ್ಲಿ ಕೂತವರಿಗೆ ರಸ್ತೆ ದೂರದಲ್ಲಿ ಓಡಿದಂತೆ ಕಾಣುವುದರಿಂದ ವೇಗ ಕಡಿಮೆ ಇದೆ ಎಂದೇ ಅನಿಸುತ್ತದೆ. ದೊಡ್ಡ ಗಾಡಿ ಕೊಟ್ಟ ಧೈರ್ಯ ಹೀಗೆ ಖರ್ಚಾಗುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಭಾವಮೈದನ 2014ರ ಗಾಡಿ. ನನ್ನ ಅಭಿಪ್ರಾಯ ಬೇಡ ಎಂದು. ನಮ್ಮಲ್ಲಿ ಮುಂಭಾಗದ ಮತ್ತು ಪಕ್ಕದ ಡಿಕ್ಕಿ ಪರೀಕ್ಷೆ ಹೊಸ ಮಾಡೆಲ್‌ಗಳಿಗೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ, ಎಲ್ಲ ಕಾರುಗಳಿಗೆ 2019ರ ಅಕ್ಟೋಬರಿನಲ್ಲಿ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. 2014ರ ಗಾಡಿ ಇದೆಲ್ಲಕ್ಕೂ ಮುಂಚಿನದು. ಎತ್ತರದ ಗಾಡಿ ಬೇಗ ಮಗುಚುತ್ತದೆ, ಅದರಲ್ಲೂ ಛಾವಣಿಯ ಕ್ಯಾರಿಯರ್ ಮೇಲೆ ಹಾಸನದಿಂದ ತೆಂಗಿನಕಾಯಿ, ಅಕ್ಕಿ ಮೂಟೆ ಹೇರಿಕೊಂಡು ಬಂದಾಗ. ಮಗುಚುವುದನ್ನು ತಡೆಯಲು ನೆರವಾಗುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಆ ಕಾಲದ, ಆ ಬೆಲೆಯ ಗಾಡಿಗಳಲ್ಲಿ ಅಪರೂಪ. ಕೊನೆಯ ಸಾಲಿನ ಸೀಟು ಹಿಂಬಾಗಿಲಿಗೆ ಅಂಟಿಕೊಂಡಿರುತ್ತದೆ, ಹಿಂದಿನಿಂದ ಲಾರಿ ಬಂದು ತಾಗಿದರೆ ಮುದುಡಲು ಅಲ್ಲಿ ಜಾಗವೇ ಇಲ್ಲ. ಅಡ್ಡಡ್ಡ ಕೂರುವ ಸೀಟಾದರೆ ಅದರಲ್ಲಿ ಯಾರನ್ನೂ, ಯಾವತ್ತೂ ಕೂರಿಸಬೇಡಿ.

ಆದರೂ ಮನೆಯ ಮಾತು, ತೆಗೆದುಕೊಳ್ಳಲೇಬೇಕು ಎಂದಾದರೆ ಇಷ್ಟು ನೋಡದೆ ದುಡ್ಡು ಕೊಡಬೇಡಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪಗಳು ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿದ್ದು ಆರದಿದ್ದರೆ ದೋಷವಿದೆ. ಹತ್ತಲೇ ಇಲ್ಲವಾದರೆ ಇನ್ನೂ ಅನುಮಾನಿಸಿ: ದೋಷ ಕಾಣದಿರಲಿ ಎಂದು ಬಲ್ಬ್ ತೆಗೆದಿರಬಹುದು, ಅಥವಾ ಆ ವೇರಿಯಂಟಿನಲ್ಲಿ ಏರ್‌ಬ್ಯಾಗೇ ಇಲ್ಲದಿರಬಹುದು. ಬಾಗಿಲಿನ ಚೌಕಟ್ಟಿನ ಸುತ್ತ ಇರುವ ಕಪ್ಪು ರಬ್ಬರನ್ನು ಮೆಲ್ಲಗೆ ಎಳೆದು ಬಿಚ್ಚಿ. ಕೆಳಗಿನ ತಗಡಿನ ಅಂಚಿನಲ್ಲಿ ಕಾರ್ಖಾನೆಯ ವೆಲ್ಡಿಂಗಿನ ಗುಂಡನೆಯ ಗುಳಿಗಳು ಸಮನಾದ ಅಂತರದಲ್ಲಿ ಸಾಲಾಗಿ ಕಾಣಬೇಕು. ಒಂದು ಕಡೆ ಆ ಸಾಲು ತಪ್ಪಿದ್ದರೆ, ಪುಟ್ಟಿ ಮೆತ್ತಿದ್ದರೆ, ಬಣ್ಣ ಬೇರೆಯಾಗಿದ್ದರೆ, ಆ ಕಂಬವನ್ನು ಕತ್ತರಿಸಿ ಜೋಡಿಸಿದ್ದಾರೆ ಎಂದು ಅರ್ಥ. ಅಂಥ ಗೂಡು ಎರಡನೇ ಪೆಟ್ಟಿಗೆ ನಿಲ್ಲುವುದಿಲ್ಲ. ಪ್ರತಿಯೊಂದು ಬೆಲ್ಟನ್ನೂ ಪೂರ್ತಿ ಹೊರಗೆಳೆಯಿರಿ, ಅಂಚು ನೂಲು ಬಿಟ್ಟಿದ್ದರೆ, ಬಿಟ್ಟಾಗ ತಾನೇ ಸುತ್ತಿಕೊಳ್ಳದಿದ್ದರೆ ಹೊಸದು ಹಾಕಿಸಬೇಕು.

ಹೊಸ ದೊಡ್ಡ ಏಳು ಸೀಟಿನ ಗಾಡಿ, ಐದು ಸ್ಟಾರಿನದು. ಇದು ಒಳಗಿನವರಿಗೆ ಒಳ್ಳೆಯ ರಕ್ಷಣೆ ಕೊಡುತ್ತದೆ. ಆದರೆ ನೀವು ಐದೇ ಜನ, ಇಪ್ಪತ್ತೆರಡು ದಿನ ಅದರಲ್ಲಿ ನೀವೊಬ್ಬರೇ ಕೂತು ರಿಂಗ್ ರೋಡಿಗೆ ಹೋಗುತ್ತೀರಿ. ಆ ಎತ್ತರದ ಮೂತಿಯನ್ನು ತಿಂಗಳಿಡೀ ಸ್ಕೂಟರುಗಳ ನಡುವೆ ನುಗ್ಗಿಸುವುದು ಒಂದು ದಿನದ ಹಾಸನಕ್ಕಾಗಿ. ನನಗೆ ಇದು ಸಮಾಧಾನದ ಲೆಕ್ಕವಲ್ಲ.

ಮೂರನೆಯದನ್ನೇ ನಾನು ಹೇಳುವುದು: ಒಂದು ಟನ್ನಿನ ಆಸುಪಾಸಿನಿಂದ ಒಂದೂಕಾಲು ಟನ್ನಿನೊಳಗಿನ ಹೊಸ ಕಾರು. ಐದು ಸ್ಟಾರ್, ಆರು ಏರ್‌ಬ್ಯಾಗ್, ಸ್ಟೆಬಿಲಿಟಿ ಕಂಟ್ರೋಲ್, ಐದೂ ಸೀಟಿಗೆ ಭುಜ, ಸೊಂಟ ಎರಡನ್ನೂ ಹಿಡಿಯುವ ಮೂರು ಬಿಂದುವಿನ ಬೆಲ್ಟ್, ಹಿಂದೆ ಮಗುವಿನ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ. ಇದರಲ್ಲಿ ಒಂದೂ ಬಿಟ್ಟುಕೊಡಬೇಡಿ, ಸನ್‌ರೂಫ್, ದೊಡ್ಡ ಸ್ಕ್ರೀನ್, ಅಲಾಯ್ ಚಕ್ರ ಬೇಕಾದರೆ ಬಿಟ್ಟುಕೊಡಿ. ಕರ್ನಾಟಕದಲ್ಲಿ ಕಾರಿನ ಬೆಲೆ 10 ಲಕ್ಷ ದಾಟಿದರೆ ಜೀವಾವಧಿ ತೆರಿಗೆಯ ದರವೇ 14 ಶೇಕಡದಿಂದ 17ಕ್ಕೆ ಏರುತ್ತದೆ, ವೇರಿಯಂಟ್ ಆರಿಸುವಾಗ ಆ ಗೆರೆ ನೆನಪಿರಲಿ. ಇದರ ತೊಂದರೆಯನ್ನೂ ಹೇಳಬೇಕು. ಮಗುವಿನ ಸೀಟು ಒಂದು ಕಡೆ ಕೂತ ಮೇಲೆ ಹಿಂದಿನ ಸಾಲಿನಲ್ಲಿ ಇಬ್ಬರು ಹಿರಿಯರಿಗೆ ಜಾಗ ಬಿಗಿ. ಶೋರೂಮಿಗೆ ನೀವೊಬ್ಬರೇ ಹೋಗಬೇಡಿ. ಅಪ್ಪ, ಅಮ್ಮ, ಮಗಳನ್ನು ಕರೆದೊಯ್ದು, ಮಗುವಿನ ಸೀಟು ಹಾಕಿ, ಎಲ್ಲರೂ ಬೆಲ್ಟ್ ಕಟ್ಟಿಕೊಂಡು ಕಾಲು ಗಂಟೆ ಕೂತು ನೋಡಿ. ಬೆಲ್ಟಿನ ಬಕಲ್ ಸೀಟಿನ ಸಂದಿಯಲ್ಲಿ ಹೂತಿದ್ದರೆ ವಯಸ್ಸಾದವರು ನಾಲ್ಕನೇ ದಿನಕ್ಕೆ ಕಟ್ಟುವುದನ್ನೇ ಬಿಡುತ್ತಾರೆ.

ಬೆಲ್ಟ್ ಕಟ್ಟದಿದ್ದರೆ ಇಷ್ಟು ಹೊತ್ತು ಮಾತಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. 2022ರಲ್ಲಿ ಬೆಲ್ಟ್ ಕಟ್ಟದೆ ಸತ್ತವರು 16,715 ಜನ, ಅದರಲ್ಲಿ 8,331 ಮಂದಿ ಓಡಿಸುತ್ತಿದ್ದವರಲ್ಲ, ಜೊತೆಗೆ ಕೂತವರು. ಹಿಂದೆ ಬೆಲ್ಟ್ ಇಲ್ಲದೆ ಕೂತವರು ಡಿಕ್ಕಿಯಾದಾಗ ಮುಂದಿನ ಸೀಟಿನವರ ಬೆನ್ನಿಗೆ ಅಪ್ಪಳಿಸುತ್ತಾರೆ. ಮೊದಲು ಹೇಳಿದ 50 ಕಿ.ಮೀ. ವೇಗದ ಡಿಕ್ಕಿಯಲ್ಲಿ, ಅಜ್ಜಿಯ ತೊಡೆಯ ಮೇಲಿರುವ 15 ಕೆ.ಜಿ.ಯ ಮಗು ಸುಮಾರು 240 ಕೆ.ಜಿ.ಯಷ್ಟು ಬಲದಲ್ಲಿ ಮುಂದಕ್ಕೆ ಕಿತ್ತುಕೊಂಡು ಹೋಗುತ್ತದೆ. ಅಜ್ಜಿಯ ಪ್ರೀತಿ ಎಷ್ಟೇ ಗಟ್ಟಿಯಾಗಿದ್ದರೂ ಆ ತೋಳು ಹಿಡಿಯಲಾರದು. ಮಗಳು ಅಳುತ್ತಾಳೆ, ಸೀಟಿನಲ್ಲಿ ಕೂರುವುದಿಲ್ಲ ಎನ್ನುವುದು ಎಲ್ಲ ಮನೆಯ ಕಷ್ಟ. ಕಾರು ಹೊರಡುವುದು ಅವಳು ಸೀಟಿನಲ್ಲಿ ಕೂತ ಮೇಲೆ ಮಾತ್ರ ಎಂಬುದನ್ನು, ಹತ್ತು ನಿಮಿಷ ತಡವಾದರೂ, ಎರಡು ವಾರ ಬಿಡದೆ ನಡೆಸಿ. ಅವಳ ಸೀಟು ಹಿಂದೆ, ಎಡಗಡೆ ಇರಲಿ. ಇಳಿಯುವುದು ಫುಟ್‌ಪಾತಿನ ಕಡೆಗೆ ಆಗುತ್ತದೆ.

ಇಳಿಯುವ ಮಾತು ಬಂದದ್ದಕ್ಕೆ ಒಂದು: ಬಲಗಡೆಯ ಬಾಗಿಲನ್ನು ಎಡಗೈಯಲ್ಲಿ ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ. ಎಡಗೈ ಬಾಗಿಲಿಗೆ ಹೋಗಬೇಕಾದರೆ ಮೈ ತಿರುಗಲೇಬೇಕು, ಕಣ್ಣು ಹಿಂದಿನಿಂದ ಬರುವ ಸ್ಕೂಟರಿನ ಮೇಲೆ ಬೀಳುತ್ತದೆ. ನಿಮ್ಮ ಹೆಂಡತಿಗೆ ಇದು ಹೇಳದೆಯೇ ಅರ್ಥವಾಗುತ್ತದೆ.

ಹೊಸ ಕಾರು ಬರುವ ತನಕ ವ್ಯಾಗನ್ ಆರ್ ಊರೊಳಗೆ ಇರಲಿ, ಏರ್‌ಬ್ಯಾಗೂ ಎಬಿಎಸ್ಸೂ ಇಲ್ಲದ ಅದನ್ನು ಐದು ಜನ ತುಂಬಿಕೊಂಡು ಹೆದ್ದಾರಿಗೆ ಒಯ್ಯಬೇಡಿ. ನಿಮಗೆ ಯಶವಂತಪುರ ಹತ್ತಿರ. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲಿನ ಹೊಸ ಮಾರ್ಗ ಶುರುವಾದ ಮೇಲೆ ಹಾಸನಕ್ಕೆ ರೈಲು ಅನುಕೂಲವಾಗಿದೆ. ಕೆಎಸ್‌ಆರ್‌ಟಿಸಿ ಬಸ್ಸೂ ಇದೆ. ದೊಡ್ಡ ಗಾಡಿಯಲ್ಲೇ ಹೋಗಬೇಕು ಎನ್ನುವವರಿಗೆ ಅದಕ್ಕಿಂತ ದೊಡ್ಡದು ಬೇಕಿಲ್ಲ. ಕಾರಿನಲ್ಲೇ ಹೋಗಬೇಕಾಗಿ ಬಂದರೆ ಹಗಲಿನಲ್ಲಿ ಹೋಗಿ. ರಾತ್ರಿ ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿಯ ಹಿಂಬದಿ ಕಾರಿನ ಬಾನೆಟ್ಟಿಗಿಂತ ಎತ್ತರದಲ್ಲಿರುತ್ತದೆ. ಮುದುಡಬೇಕಾದ ಮೂತಿ ಅದರ ಅಡಿಗೆ ನುಗ್ಗುತ್ತದೆ, ತಾಗುವುದು ಸೀದಾ ಗಾಜಿಗೆ. ಎಸ್‌ಯುವಿಗೂ ಇದೇ ಆಗುತ್ತದೆ.

ಈ ವಾರವೇ ಮಾಡಬಹುದಾದ ಕೆಲಸ ಟೈರಿನದು. ಟೈರಿನ ಪಕ್ಕದಲ್ಲಿ ಪುಟ್ಟ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಗಟ್ಟೆ, ಅಂದರೆ ರಸ್ತೆಗೆ ತಾಗುವ ಅಚ್ಚು, ಎಷ್ಟೇ ಉಳಿದಿದ್ದರೂ ಬದಲಿಸಿ, ರಬ್ಬರ್ ಗಡುಸಾಗಿ ಮಳೆಯಲ್ಲಿ ಜಾರುತ್ತದೆ. ಗಟ್ಟೆಗಳ ನಡುವಿನ ತೋಡಿನಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ, ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಅಲ್ಲಿಗೆ ಆ ಟೈರ್ ಮುಗಿಯಿತು. ಗಾಳಿ ಎಷ್ಟು ಎಂದು ಬಂಕಿನವರನ್ನು ಕೇಳಬೇಡಿ, ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರ್ ನೋಡಿ. ತುಂಬಿದ ಕಾರಿಗೆ ಅಲ್ಲಿ ಬೇರೆ ಅಂಕಿ ಕೊಟ್ಟಿರುತ್ತಾರೆ. ಸದ್ಯಕ್ಕೆ ಎರಡೇ ಟೈರ್ ಹಾಕಿಸುವಷ್ಟು ದುಡ್ಡಿದ್ದರೆ ಹೊಸ ಜೋಡಿಯನ್ನು ಹಿಂದಿನ ಚಕ್ರಕ್ಕೆ ಹಾಕಿಸಿ. ಎಂಜಿನ್ ಮುಂದಿನ ಚಕ್ರ ತಿರುಗಿಸುತ್ತದಲ್ಲ, ಹೊಸದು ಅಲ್ಲಿಗೇ ಇರಲಿ ಎಂದು ಟೈರ್ ಅಂಗಡಿಯವರು ಹೇಳಬಹುದು. ಒಪ್ಪಬೇಡಿ. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಕಾರನ್ನು ಮತ್ತೆ ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಕಾರು ಸುತ್ತು ಹೊಡೆಯುತ್ತದೆ.